ಎಬಿ ನೆಗೆಟಿವ್, ನಾಲ್ಕು ಬಾಟಲಿ

ಮೊದಲ ಕುರ್ಚಿ ರಿಸೆಪ್ಷನ್ನಿನ ಗಾಜಿಗೆ ಬಡಿದಾಗ ನಿಹಾರಿಕಾ ಮೇಲಿನ ಮಹಡಿಯಲ್ಲಿ ದತ್ತಬಾಬುವಿನ ಫೋಟೋ ತೆಗೆಯುತ್ತಿದ್ದಳು. ಜಾದವ್‌ಪುರದ ರೈಲು ಗೇಟಿನ ಬಳಿಯ ಆ ನರ್ಸಿಂಗ್ ಹೋಮಿನ ಯಜಮಾನ ಆತ. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ತನ್ನ ಮುಖ ಇನ್ನಷ್ಟು ದೊಡ್ಡದಾಗಿ ಬರಬೇಕೆಂದು, ಸೈಟು ಮಾಡಿಕೊಟ್ಟ ಅವಳನ್ನು ಮತ್ತೆ ಕರೆಸಿದ್ದ. ಗಾಜು ಒಡೆದ ಸದ್ದಿಗೆ ಟೈ ಸರಿಮಾಡಿಕೊಳ್ಳುತ್ತಿದ್ದ ಮಹಾನುಭಾವ ಎದ್ದ, ಒಳಕೋಣೆಗೆ ಹೋದ, ಚಿಲಕ ಹಾಕಿಕೊಂಡ. ಅವಳು ಹೊರಗೇ ಉಳಿದಳು.

ಅವಳು ಮೆಟ್ಟಿಲ ತಿರುವಿಗೆ ಬಂದು ಬಗ್ಗಿ ನೋಡಿದಳು. ಕೆಳಗೆ ಮೂವತ್ತು ನಲವತ್ತು ಗಂಡಸರು, ಕೈಗೆ ಸಿಕ್ಕಿದ್ದನ್ನು ಒಡೆಯುತ್ತಿದ್ದರು. ಬೆಳಿಗ್ಗೆ ಟಾಲಿಗಂಜ್ ಕಡೆಯಿಂದ ತಂದಿದ್ದ ಬಾಣಂತಿಯೊಬ್ಬಳು ರಕ್ತಸ್ರಾವ ನಿಲ್ಲದೆ ಆಗಷ್ಟೇ ತೀರಿಕೊಂಡಿದ್ದಳು. ಅವಳದು ಎಬಿ ನೆಗೆಟಿವ್, ಸುಲಭಕ್ಕೆ ಸಿಗುವ ರಕ್ತವಲ್ಲ. ಇಲ್ಲಿನ ರಕ್ತನಿಧಿಯಲ್ಲಿ ಅದಾಗಲಿ, ಅವಳಿಗೆ ಹೊಂದುವ ಬೇರೆ ನೆಗೆಟಿವ್ ರಕ್ತವಾಗಲಿ ಒಂದು ಹನಿಯೂ ಇರಲಿಲ್ಲ. ಅವಳ ಅಣ್ಣ ಮಾತ್ರ ಒಂದು ಕಾಗದ ಎತ್ತಿ ಹಿಡಿದು, ಇದೆ, ಇದೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಎದುರಿನ ಸೈಬರ್ ಕೆಫೆಯಲ್ಲೇ ತೆಗೆಸಿಕೊಂಡು ಬಂದ, ಈ ಆಸ್ಪತ್ರೆಯ ಸೈಟಿನ ಪುಟದ ಪ್ರಿಂಟು ಅದು. ಮುಂಜಾನೆ ತನ್ನ ಕಂಪ್ಯೂಟರಿನಲ್ಲಿ ಆ ಪುಟ ನೋಡಿಯೇ ಅವನು ದಾರಿಯಲ್ಲಿದ್ದ ದೊಡ್ಡ ಆಸ್ಪತ್ರೆಯನ್ನು ದಾಟಿಸಿ ತಂಗಿಯನ್ನು ಇಲ್ಲಿಗೆ ತಂದಿದ್ದ.

ಎಬಿ ನೆಗೆಟಿವ್, ನಾಲ್ಕು ಬಾಟಲಿ. ಮೆಟ್ಟಿಲ ಮೇಲಿನಿಂದಲೂ ಓದಬಹುದಿತ್ತು. ಓದಲೆಂದೇ ಅಷ್ಟು ದೊಡ್ಡ ಅಕ್ಷರ ಹಾಕಿದ್ದಳು ನಿಹಾರಿಕಾ.

ಆ ಅಕ್ಷರಕ್ಕಾಗಿ ಅವಳು ದತ್ತಬಾಬುವಿನ ಜೊತೆ ಒಂದು ವಾರ ಜಗಳವಾಡಿದ್ದಳು. ಆತನಿಗೆ ಸೈಟು ತೆರೆದ ತಕ್ಷಣ ಗಿರಗಿರ ತಿರುಗುವ ಹೃದಯ ಬೇಕಿತ್ತು, ಹಿಂದೆ ಸಂಗೀತ ಬೇಕಿತ್ತು. ಇವಳು ಸೊಪ್ಪು ಹಾಕಲಿಲ್ಲ. ಆಸ್ಪತ್ರೆಯ ಪುಟ ಹುಡುಕಿಕೊಂಡು ಬರುವವನು ತಮಾಷೆ ನೋಡಲು ಬರುವುದಿಲ್ಲ, ಅವನಿಗೆ ಬೇಕಾದ್ದು ಮೊದಲ ಪುಟದಲ್ಲೇ, ಮೇಲೇ, ಒಂದೇ ನೋಟಕ್ಕೆ ಸಿಗಬೇಕು ಎಂದು ವಾದಿಸಿದಳು. ಕುಣಿಯುವ ಚಿತ್ರ ಬೇಡ, ಹತ್ತು ಬಣ್ಣ ಬೇಡ, ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಅಲೆಸುವುದು ಬೇಡ. ಮಾತೆಲ್ಲ ನೂರಕ್ಕೆ ನೂರು ಸರಿ. ಕೊನೆಗೆ ದತ್ತಬಾಬು ಸೋತು, ಪುಟದ ಬುಡದಲ್ಲಿ ಎಷ್ಟು ಜನ ನೋಡಿದರೆಂದು ಎಣಿಸುವ ಮೀಟರೊಂದನ್ನಾದರೂ ಇಡು ಎಂದು ಅಂಗಲಾಚಿದ. ಪುಟ ಒಮ್ಮೆ ತೆರೆದರೆ ಒಂದು ಅಂಕಿ ಏರುವ ಆ ಮೀಟರನ್ನು ಅವಳು ಹೋಗಲಿ ಪಾಪ ಎಂದು ಇಟ್ಟುಕೊಟ್ಟಳು.

ಈ ಕೆಲಸ ಕೊಡಿಸಿದವರು ನರಹರಿ. ಧಾರವಾಡದವರು, ಇಪ್ಪತ್ತು ವರ್ಷದಿಂದ ಇಲ್ಲಿನ ರಕ್ತನಿಧಿಯ ಟೆಕ್ನಿಷಿಯನ್. ಹೌರಾದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಅವಳ ಅಪ್ಪನಿಗೆ ಗೆಳೆಯರು, ಅವಳಿಗೆ ಚಿಕ್ಕಂದಿನಿಂದ ಮಾಮಾ. ರಕ್ತದ ಲೆಕ್ಕವನ್ನು ದಿನವೂ ಸೈಟಿಗೆ ಏರಿಸಬೇಕಾದವರು ಅವರೇ. ಅದಕ್ಕೆ ಬೇಕಾದ ವ್ಯವಸ್ಥೆಯನ್ನು ನಿಹಾರಿಕಾ ಇನ್ನೂ ಮಾಡಿಕೊಟ್ಟಿರಲಿಲ್ಲ. ನಮೂನೆ ತೋರಿಸುವಾಗ ಖಾನೆಗಳು ಬೋಳಾಗಿ ಕಾಣದಿರಲಿ ಎಂದು ಮನಸ್ಸಿಗೆ ಬಂದ ಅಂಕಿ ತುಂಬಿದ್ದಳು. ಈ ಕಸುಬಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಆ ನಮೂನೆ ಕಂಡು ಹಿರಿಹಿರಿ ಹಿಗ್ಗಿದ ದತ್ತಬಾಬು ದುರ್ಗಾಪೂಜೆಯ ಹಬ್ಬದೊಳಗೆ ಸೈಟು ತೆರೆಯಲೇಬೇಕೆಂದು ಪಟ್ಟು ಹಿಡಿದ. ಅವಳು ತೆರೆದುಬಿಟ್ಟಳು, ಅಂಕಿಗಳನ್ನು ಮುಂದಿನ ವಾರ ಸರಿಪಡಿಸಿದರಾಯಿತು ಎಂದುಕೊಂಡಳು. ಎರಡು ಸಾವಿರದ ಆರನೇ ಇಸವಿ, ಮಿಠಾಯಿ ಅಂಗಡಿಯವನಿಗೂ ಸೈಟು ಬೇಕಾಗಿದ್ದ ಕಾಲ. ಕೈತುಂಬ ಕೆಲಸದಲ್ಲಿ ಆ ಮುಂದಿನ ವಾರ ಮೂರು ವಾರ ಕಳೆದರೂ ಬಂದಿರಲಿಲ್ಲ.

ನರಹರಿ ಪುಟ ನೋಡಿದ ದಿನವೇ ಕೇಳಿದ್ದರು.

“ತಾರೀಖು ಎಲ್ಲೈತವಾ? ನಾವು ಬಾಟ್ಲಿ ಮ್ಯಾಲೆ ಮೊದಲ ತಾರೀಖು ನೋಡ್ತೀವಿ, ಆಮ್ಯಾಲೆ ಗ್ರೂಪು. ತಾರೀಖಿಲ್ಲದ ಬಾಟ್ಲಿ ಎಷ್ಟ ಛಂದಿದ್ರೂ ಚೆಲ್ಲತೀವಿ.”

“ಅಲ್ಲೊಂದು ಲೈನ್ ಬಂದ್ರೆ ಲೇಔಟ್ ಕೆಡುತ್ತೆ ಮಾಮಾ,” ಅಂದಿದ್ದಳು ಅವಳು. ಮೊದಲು ಇಟ್ಟಿದ್ದ ತಾರೀಖಿನ ಸಾಲನ್ನು ಅಂದಕ್ಕೆ ಅಡ್ಡ ಎಂದು ತಾನೇ ಅಳಿಸಿದ್ದನ್ನು ಹೇಳಲಿಲ್ಲ.

ಈಗ ಜನ ಆ ನರಹರಿಯನ್ನೇ ಕೌಂಟರಿನ ಮೇಲಿಂದ ಎಳೆದು ನೆಲಕ್ಕೆ ಕೆಡವಿದ್ದರು. ನಾಲ್ಕು ಬಾಟಲಿಯನ್ನು ಯಾರಿಗೆ ಮಾರಿಕೊಂಡೆ ಎಂದು ಕೇಳುವವನೊಬ್ಬ, ಉತ್ತರ ಬರುವ ಮೊದಲೇ ಪಕ್ಕೆಗೆ ಒದೆಯುವವನೊಬ್ಬ. ಇಲ್ಲ, ಇರಲೇ ಇಲ್ಲ ಎಂದು ನರಹರಿ ಬಂಗಾಳಿಯಲ್ಲಿ ಬೇಡಿಕೊಳ್ಳುತ್ತಿದ್ದರು. ಹೇಳಿದಷ್ಟು ಸಲ ಆ ಕಾಗದವನ್ನು ಅವರ ಮುಖಕ್ಕೆ ಉಜ್ಜಿದರು. ಬಚ್ಚಿಟ್ಟದ್ದನ್ನು ಹುಡುಕುತ್ತೇವೆಂದು ನಾಲ್ಕೈದು ಜನ ರಕ್ತದ ಫ್ರಿಜ್ಜನ್ನು ಎಳೆದು ಮಗುಚಿದರು. ಒಳಗಿದ್ದ ಪಾಸಿಟಿವ್ ಗುಂಪಿನ ರಕ್ತವೆಲ್ಲ ಒಡೆದು ಮೊಸಾಯಿಕ್ ನೆಲದ ಮೇಲೆ ಹರಿಯಿತು. ಯಾರ್ಯಾರಿಗೋ ಬದುಕಾಗಬೇಕಿದ್ದ ರಕ್ತದಲ್ಲಿ ಚಪ್ಪಲಿಗಳು ಜಾರಾಡಿದವು.

ನರಹರಿ ತಲೆ ಎತ್ತಿದಾಗ ಮೆಟ್ಟಿಲ ಮೇಲೆ ನಿಂತ ನಿಹಾರಿಕಾ ಕಂಡಳು.

“ಬಾಯಿ ಬಿಡಬ್ಯಾಡವಾ,” ಎಂದರು ಕನ್ನಡದಲ್ಲಿ. “ಹಿಂದಿನ ಬಾಗ್ಲಿಂದ ಹೋಗಿಬಿಡು.”

ಅಲ್ಲಿದ್ದ ಬೇರೆ ಯಾರಿಗೂ ಆ ಮಾತು ತಿಳಿಯಲಿಲ್ಲ. ನಿಹಾರಿಕಾ ದೊಡ್ಡವರ ಮಾತಿಗೆ ಎಂದೂ ಎದುರಾಡಿದವಳಲ್ಲ, ಇವತ್ತಂತೂ ಕೇಳುವುದು ಬಹಳ ಸುಲಭವಾಗಿತ್ತು. ಮೆಟ್ಟಿಲಿಳಿದು ಗೋಡೆಗೆ ಒರಗಿಕೊಂಡೇ ಹಿಂಬಾಗಿಲಿನವರೆಗೆ ಹೋದಳು, ಅಗುಳಿಯನ್ನೂ ಸರಿಸಿದಳು. ಅಷ್ಟರಲ್ಲಿ ಬೆನ್ನ ಹಿಂದೆ ಗ್ಲೂಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡು ಯಾವುದೋ ಮೆತ್ತನೆಯದರ ಮೇಲೆ ಬಿದ್ದ ಸದ್ದಾಯಿತು. ನರಹರಿ ಕೂಗಲಿಲ್ಲ. ಕೂಗಿದ್ದರೆ ಅವಳು ಓಡಿಬಿಡುತ್ತಿದ್ದಳೋ ಏನೋ.

ಅವಳು ಹಿಂದಿರುಗಿದಳು. ನರಹರಿಯ ಎಡಗಣ್ಣಿದ್ದ ಜಾಗದಲ್ಲಿ ರಕ್ತ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಜನರ ನಡುವೆ ನುಗ್ಗಿ, ಸ್ಟ್ಯಾಂಡು ಮತ್ತೆ ಎತ್ತಿದ್ದ, ಸತ್ತವಳ ಅಣ್ಣನ ಎದುರು ನಿಂತು, ಬಂಗಾಳಿಯಲ್ಲಿ ಕೂಗಿ ಹೇಳಿದಳು.

“ಅದನ್ನು ಬರೆದದ್ದು ನಾನು. ಇವರಲ್ಲ.”

ಒದೆಯುತ್ತಿದ್ದ ಕಾಲುಗಳು ನಿಂತವು. ಅಣ್ಣ ಅವಳನ್ನು ನೋಡಿದ, ಕಾಗದ ನೋಡಿದ.

“ಹಾಗಾದರೆ ಎಷ್ಟಿತ್ತು?”

“ಒಂದೂ ಇರಲಿಲ್ಲ.”

“ಮತ್ತೆ ಈ ನಾಲ್ಕು ಎಲ್ಲಿಂದ ಬಂತು?”

ಸುಳ್ಳು ಹೇಳಬಹುದಿತ್ತು. ದತ್ತಬಾಬು ಬರೆಸಿದ ಎಂದಿದ್ದರೆ ಇಡೀ ಗುಂಪು ಮೇಲಿನ ಮಹಡಿಗೆ ಏರುತ್ತಿತ್ತು.

“ಖಾಲಿ ಬಿಟ್ಟರೆ ಚೆನ್ನಾಗಿ ಕಾಣುತ್ತಿರಲಿಲ್ಲ,” ಎಂದಳು.

ಸ್ಟ್ಯಾಂಡು ಅವಳ ದವಡೆಗೆ ಬಿತ್ತು. ಬಾಯಿ ತುಂಬ ಉಪ್ಪು, ಹಲ್ಲಿನ ಚೂರು. ಬಿದ್ದವಳ ಬೆನ್ನ ಮೇಲೆ ಯಾರೋ ಕಾಲಿಟ್ಟರು. ಅಣ್ಣ ಎರಡನೇ ಏಟಿಗೆ ಕೈ ಎತ್ತಿದವನು ಹೊಡೆಯಲಾರದೆ ಅಲ್ಲೇ ಕುಸಿದು, ತಂಗಿಯ ಹೆಸರು ಹಿಡಿದು ಅಳತೊಡಗಿದ. ಆ ಅಳು ಅವಳಿಗೆ ಏಟಿಗಿಂತ ಹೆಚ್ಚು ನೋವು ಕೊಟ್ಟಿತು. ಉಳಿದವರ ಸಿಟ್ಟು ರಿಸೆಪ್ಷನ್ನಿನ ಕಂಪ್ಯೂಟರಿನ ಕಡೆ ತಿರುಗಿತು. ಸುಳ್ಳು ಅದರ ಹೊಟ್ಟೆಯಲ್ಲೇ ಇದೆ ಎಂಬಂತೆ ಅದನ್ನು ಎತ್ತಿ ಎತ್ತಿ ಕುಕ್ಕಿದರು. ಹೊರಗೆ ಪೊಲೀಸ್ ಜೀಪಿನ ಸದ್ದು ಕೇಳಿದಾಗ ಚದುರಿದರು.

ವಾರ್ಡ್‌ಬಾಯ್‌ಗಳು ನರಹರಿಯನ್ನು ಸ್ಟ್ರೆಚರಿಗೆ ಎತ್ತಿದರು. ಉಸಿರಿತ್ತು. ನಿಹಾರಿಕಾ ಅವರ ಕೈ ಹಿಡಿದುಕೊಂಡಳು, ಜೊತೆಗೇ ಇರಬೇಕೆಂದು ಅವಳ ಜೀವವೆಲ್ಲ ಬಯಸಿತು. ಆದರೆ ಅವಳ ಕಣ್ಣು ಒಡೆದ ಕಂಪ್ಯೂಟರಿನ ಮೇಲೆ ಬಿತ್ತು. ಸೈಟು ಆ ಡಬ್ಬಿಯೊಳಗೆ ಇರಲಿಲ್ಲ. ಊರಲ್ಲಿ ಯಾರು ತೆರೆದರೂ ಆ ನಾಲ್ಕು ಈಗಲೂ ದೊಡ್ಡದಾಗಿ, ಕೆಂಪಾಗಿ, ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಅವಳು ಮಾಮಾನ ಕೈ ಬಿಟ್ಟು ರಸ್ತೆಗೆ ಓಡಿದಳು. ಸೈಬರ್ ಕೆಫೆಯವನು ಅವಳ ಮುಖ ನೋಡಿ ಹೌಹಾರಿ ಎದ್ದು ಕುರ್ಚಿ ಬಿಟ್ಟುಕೊಟ್ಟ. ಪುಟ ತೆರೆದಳು. ಬುಡದ ಮೀಟರು ೬೧೨ ತೋರಿಸಿತು. ಕೀಬೋರ್ಡಿನ ಮೇಲೆ ಬಾಯಿಂದ ರಕ್ತ ತೊಟ್ಟಿಕ್ಕುತ್ತಿದ್ದಂತೆಯೇ ಎಲ್ಲ ಖಾನೆಗಳಿಗೂ ಸೊನ್ನೆ ಹಾಕಿದಳು. ಮೇಲೆ, ಅಂದ ಕೆಟ್ಟರೆ ಕೆಡಲಿ ಎಂದು, ಇವತ್ತಿನ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆದಳು. ಕಳಿಸಿದಳು. ಆ ನಿಧಾನದ ಲೈನಿನಲ್ಲಿ ಅದು ಏರಲು ಐದಾರು ನಿಮಿಷ ಹಿಡಿಯಿತು.

ಸರಿಯಾಯಿತೇ ಎಂದು ಪುಟವನ್ನು ಮತ್ತೊಮ್ಮೆ ತೆರೆದಳು. ಸೊನ್ನೆಗಳು ಬಂದಿದ್ದವು, ತಾರೀಖೂ ಬಂದಿತ್ತು. ತಾನೊಬ್ಬಳೇ ನೋಡಿದ್ದರೆ ಮೀಟರು ೬೧೩ ಆಗಬೇಕಿತ್ತು. ೬೧೪ ಆಗಿತ್ತು.

ಆ ಐದಾರು ನಿಮಿಷದಲ್ಲಿ ಈ ಊರಿನಲ್ಲಿ ಎಲ್ಲೋ ಒಬ್ಬರು ಪುಟ ತೆರೆದು, ಆ ಹಳೆಯ ಅಂಕಿಗಳನ್ನು ನೋಡಿ, ಎದ್ದು ಹೋಗಿದ್ದರು. ನಿಹಾರಿಕಾ ಎದ್ದು ಬಂದು ನರ್ಸಿಂಗ್ ಹೋಮಿನ ಗೇಟಿನ ಬಳಿ ನಿಂತು, ರೈಲು ಗೇಟಿನ ಕಡೆಯಿಂದ ಬರುವ ಒಂದೊಂದು ಗಾಡಿಯನ್ನೂ ನೋಡತೊಡಗಿದಳು.