ಮಗ್ಗದ ಸದ್ದು ಕೇಳಿದವರು

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಹೊರಗಿನವರು ಹೊಸ್ತಿಲು ದಾಟಿದರೆ ಮಗ್ಗ ನಿಲ್ಲುತ್ತದೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಹೆಂಗಸು ಲಾಳಿಯನ್ನು ಬದಿಗಿಡುತ್ತಾಳೆ, ಸೆರಗು ಸರಿಮಾಡಿಕೊಂಡು ‘ಬರ್ರಿ’ ಎನ್ನುತ್ತಾಳೆ. ಮನೆಯವರಿಗಾಗಿ ಯಾರೂ ಮಗ್ಗ ನಿಲ್ಲಿಸುವುದಿಲ್ಲ. ಕೈ ತನ್ನ ಪಾಡಿಗೆ ನಡೆದಿರುತ್ತದೆ, ಮಾತು ಆ ಸದ್ದಿನ ಸಂದಿಯಲ್ಲಿ ತೂರಿಕೊಂಡು ಬರುತ್ತದೆ.

ಕಳೆದ ವರ್ಷ ಶ್ರಾವಣದಲ್ಲಿ ನಾನು ಹೋದ ಮನೆಯಲ್ಲೆಲ್ಲ ಮಗ್ಗ ನಿಂತಿತು.

ಹೋದದ್ದು ಮಿಲಿಂದನ ಕೆಲಸಕ್ಕೆ. ಎಂ.ಎ. ಮುಗಿಸಿ ನಾನು ಬಾದಾಮಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಮಿಲಿಂದ ಬಾಗಲಕೋಟೆಯ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಆಗ ನಾವಿಬ್ಬರೂ ಹಿನ್ನೀರಿನ ದಂಡೆಗೆ ಹೋಗಿ, ನೀರೊಳಗಿಂದ ತಲೆಯೆತ್ತಿದ್ದ ಹಳೆಯ ಊರಿನ ಒಂದು ಗೋಡೆಯನ್ನು ನೋಡುತ್ತ ಮಾತಿಲ್ಲದೆ ಕೂರುತ್ತಿದ್ದೆವು. ನನಗೆ ಅದಕ್ಕಿಂತ ದೊಡ್ಡ ಸ್ನೇಹ ಗೊತ್ತಿರಲಿಲ್ಲ. ಸುಮ್ಮನಿರಬಲ್ಲವನನ್ನು ನಂಬಬಹುದು ಎಂದು ಆಗಲೇ ಎಲ್ಲೋ ನಿಶ್ಚಯ ಮಾಡಿಕೊಂಡುಬಿಟ್ಟಿದ್ದೆ.

ಅವನು ಇಬ್ಬರು ಗೆಳೆಯರೊಂದಿಗೆ ನವನಗರದಲ್ಲಿ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪನಿ ಶುರುಮಾಡಿದ್ದ. ಅವರು ಕಟ್ಟುತ್ತಿದ್ದ ಆ್ಯಪ್‌ನ ಹೆಸರು ‘ಓಣಿ’. ಹತ್ತಾರು ಜನರ ಗುಂಪು ಮಾಡಿಕೊಂಡು, ಗುಂಡಿ ಒತ್ತಿ ಮಾತಾಡಿದರೆ ಸಾಕು, ಎಲ್ಲರಿಗೂ ಕೇಳುತ್ತದೆ. ಬರೆಯುವುದು, ಓದುವುದು ಏನೂ ಇಲ್ಲ. ಮಾರುಕಟ್ಟೆಗೆ ಬಿಡುವ ಮೊದಲು ಅದನ್ನು ಬಳಸಿ ನೋಡುವವರು ಬೇಕಾಗಿದ್ದರು. ಕಾಲೇಜಿನ ಹುಡುಗರು ಏನನ್ನು ಕೊಟ್ಟರೂ ಬಳಸುತ್ತಾರೆ, ಅದರಿಂದ ತಿಳಿಯುವುದೇನೂ ಇಲ್ಲ, ದುಡಿಯುವ ಹೆಂಗಸರ ಕೈಯಲ್ಲಿ ನಡೆದರೆ ಮಾತ್ರ ನಡೆದ ಹಾಗೆ ಎಂದು ಮಿಲಿಂದ ಹೇಳಿದ. ಅಂಥವರನ್ನು ಒಪ್ಪಿಸಿ ಕೂಡಿಸುವುದು ನನ್ನ ಪಾಲಿಗೆ ಬಂತು.

ಮೊದಲ ದಿನಗಳಲ್ಲಿ ಯಾರೂ ಒಪ್ಪಲಿಲ್ಲ. ಒಬ್ಬಳು ಫೋನು ಗಂಡನದೆಂದಳು, ಇನ್ನೊಬ್ಬಳು ತನ್ನ ಫೋಟೋ ಎಲ್ಲೆಲ್ಲಿ ಹೋಗುತ್ತದೋ ಎಂದು ಹೆದರಿದಳು. ಓಣಿಯ ನಡುಮನೆಯ ಮಹಾನಂದಾ ಮಾತ್ರ ಹೆದರುವವಳಲ್ಲ. “ಊರ ಮಂದೀದು ಇರೂ ಬಾಯಿ ಸಾಲವಲ್ದಂತ, ಫೋನಿಂದ ಬ್ಯಾರೆ ಬಾಯಿ ತಂದೀರೇನ್ರಿ?” ಎಂದು ಕೇಳಿ ಸುತ್ತಲಿನವರನ್ನು ನಗಿಸಿದಳು.

ಕೊನೆಗೆ ತಾಯವ್ವ ನಾನು ಯಾರ ಮಗಳೆಂದು ವಿಚಾರಿಸಿದಳು. ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ನನ್ನ ಅವ್ವ ರುಕ್ಮಿಣೀಬಾಯಿ ಅದೇ ಊರಿನ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಕಲಿಸಿದ್ದಳು. ತಾಯವ್ವನ ಇಬ್ಬರು ಹೆಣ್ಣುಮಕ್ಕಳೂ ಅವಳ ಕೈಯಲ್ಲಿ ಕಲಿತವರು. ಅದು ತಿಳಿದ ಮೇಲೆ ತಾಯವ್ವ ನನ್ನನ್ನು ಇನ್ನೊಮ್ಮೆ ನೋಡಿದಳು.

“ನಾವು ಆಡಿದ್ದು ಯಾರ‍್ಯಾರ ಕಿವಿಗೆ ಬೀಳತೈತಿ?”

“ಗುಂಪಿನ್ಯಾಗ ಇರೋ ನಿಮಗಷ್ಟ. ಮತ್ತ ಯಾರಿಗೂ ಇಲ್ಲ.”

ಇದನ್ನು ನಾನು ಮೊದಲೇ ಮಿಲಿಂದನಿಗೆ ಕೇಳಿದ್ದೆ. ಅವನು ಹಾಗೇ ಹೇಳಿದ್ದ.

“ಅಕ್ಕೋರ ಮಗಳು ಸುಳ್ಳ ಹೇಳೂದಿಲ್ಲ,” ಎಂದು ತಾಯವ್ವ ಮಹಾನಂದಾಳ ಕಡೆ ತಿರುಗಿ ಹೇಳಿ, ತನ್ನ ಫೋನನ್ನು ನನ್ನ ಕೈಗಿಟ್ಟಳು. ಅವಳ ಹಿಂದೆ ಉಳಿದವರು ಬಂದರು. ಹತ್ತು ಹೆಂಗಸರು, ನಾನು ಸೇರಿ ಹನ್ನೊಂದು.

ಮೊದಲು ಗುಂಪಿನಲ್ಲಿ ಬಂದ ಮಾತುಗಳೆಲ್ಲ ‘ಕೇಳಿಸ್ತೈತೇನ?’, ‘ಕೇಳಿಸ್ತೈತಿ’ ಎಂಬಷ್ಟೇ. ಆಮೇಲೆ ನಳದ ನೀರು ಬಂತೆಂಬ ಸುದ್ದಿ, ಯಾರ ಮೊಮ್ಮಗುವಿಗೋ ಹಲ್ಲು ಬಂತೆಂಬ ಸುದ್ದಿ, ಬನಶಂಕರಿಗೆ ಹುಣ್ಣಿಮೆಗೆ ಯಾವ ಗಾಡಿಯಲ್ಲಿ ಹೋಗೋಣ ಎಂಬ ಜಗಳ. ಲಾಳಿಗೆ ಹಾಕುವ ನೂಲಿನ ಕಂಡಿಕೆಯನ್ನು ರಾಟೆಯಲ್ಲಿ ಸುತ್ತಿಕೊಡುವ ಲಾಡಬಿ, ಯಾರ ಮನೆಗೆ ಎಷ್ಟು ಹೊತ್ತಿಗೆ ಬರುತ್ತೇನೆಂದು ಅದರಲ್ಲೇ ಕೂಗಿ ಹೇಳುತ್ತಿದ್ದಳು. ಮಾತಾಡುವವರು ಕೆಲಸ ಬಿಟ್ಟು ಮಾತಾಡುತ್ತಿರಲಿಲ್ಲ. ಹಾಗಾಗಿ ಪ್ರತಿ ದನಿಯ ಬೆನ್ನಿಗೂ ಮಗ್ಗ ಇರುತ್ತಿತ್ತು. ಕೆಲವು ಸಲ ದನಿಯೇ ಇರುತ್ತಿರಲಿಲ್ಲ. ಗುಂಡಿ ಒತ್ತಿ, ಹೇಳಲು ಏನೂ ಇಲ್ಲದೆ ಹಾಗೇ ಬಿಟ್ಟಾಗ ಮಗ್ಗವೊಂದೇ ಕೇಳುತ್ತಿತ್ತು. ಬಾದಾಮಿಯ ನನ್ನ ಕೋಣೆಯಲ್ಲಿ ಕುಳಿತು ನಾನು ಹೆಚ್ಚಾಗಿ ಕೇಳುತ್ತಿದ್ದದ್ದು ಅಂಥವನ್ನೇ.

ಮಿಲಿಂದನಿಗೆ ಆ ಸದ್ದು ದೋಷವಾಗಿ ಕಂಡಿತು. ದನಿಯನ್ನಷ್ಟೇ ಉಳಿಸಿ ಹಿಂದಿನ ಸದ್ದನ್ನು ಒರೆಸಿ ತೆಗೆಯುವ ವಿದ್ಯೆ ತಮ್ಮಲ್ಲಿದೆ, ಅದನ್ನು ಹಾಕುತ್ತೇವೆ ಎಂದ. ನಾನು ಬೇಡವೆಂದೆ. ಸದ್ದು ತೆಗೆದರೆ ಅವರು ಒಬ್ಬರಿಗೊಬ್ಬರು ಪರಕೀಯರಾಗುತ್ತಾರೆ, ಇರುವಂತೆಯೇ ಇರಲಿ ಎಂದು ಎರಡು ಸಲ ಫೋನು ಮಾಡಿ ಹಟ ಹಿಡಿದೆ. ಅವನು ನಕ್ಕು ಒಪ್ಪಿದ.

ದಸರೆಯ ಹೊತ್ತಿಗೆ ಒಂದು ದಿನ ತಾಯವ್ವನ ಮನೆಗೆ ಹೋದಾಗ ಮಗ್ಗ ನಿಲ್ಲಲಿಲ್ಲ. “ಬಾ, ಅಲ್ಲೇ ಮಣಿ ಐತಿ ನೋಡು,” ಎಂದು ಅವಳು ತಲೆಯೆತ್ತದೆ ಹೇಳಿದಳು. ನಾನು ಮಣೆಯ ಮೇಲೆ ಕುಳಿತು ಬಹಳ ಹೊತ್ತು ಅವಳ ಕೈಯನ್ನೇ ನೋಡಿದೆ. ಆ ದಿನ ಬಸ್ಸಿನಲ್ಲಿ ಬರುವಾಗ ನನಗೆ ಎಲ್ಲಿಯೋ ಒಂದು ಕೆಲಸ ಸಿಕ್ಕಿದಷ್ಟು ಸಂತೋಷವಾಗಿತ್ತು.

ದೀಪಾವಳಿ ಮುಗಿದ ಮೇಲೆ ಅವಳು ನನಗೆ ಒಂದು ಗುಟ್ಟು ತೋರಿಸಿದಳು. ಅವಳು ನೇಯುತ್ತಿದ್ದದ್ದು ಬಸವಂತ ಸಾವಕಾರರಿಗೆ. ನೂಲು ಅವರದು, ಮಗ್ಗದ ಚೌಕಟ್ಟೂ ಅವರದೇ. ಅಂಥ ಮಗ್ಗದ ಮೇಲೆ ಅವರು ಕೊಟ್ಟ ಉದ್ದೆಳೆಗಳ ಹಾಸಿನ ಹೊರತು ಬೇರೆ ಹಾಸು ಏರಿಸಬಾರದು. ಬರೆದ ಕರಾರು ಎಲ್ಲಿಯೂ ಇರಲಿಲ್ಲ, ಆದರೆ ಓಣಿಯಲ್ಲಿ ಅದನ್ನು ಮೀರಿದವರೂ ಇರಲಿಲ್ಲ. ತಾಯವ್ವ ಜ್ವರವೆಂದು ಹೇಳಿಕಳಿಸಿ, ಮಗ್ಗ ನಿಂತಿದೆಯೆಂದು ನಂಬಿಸಿ, ಸಾವಕಾರರ ಹಾಸನ್ನು ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಮಗ್ಗದ ಮೇಲೆ ಈಗ ಇದ್ದದ್ದು ಅವಳೂ ಮಹಾನಂದಾಳೂ ಇನ್ನಿಬ್ಬರೂ ಕೂಡಿ ತಂದ ನೂಲು. ದಟ್ಟ ಕೆಂಪು, ಹಸಿರು ಅಂಚು, ಮೈತುಂಬ ಸೂಜಿಮಲ್ಲಿಗೆಯ ಬುಟ್ಟಾ. ಆ ಕುಪ್ಪಸದ ಖಣಗಳನ್ನು ಹುಬ್ಬಳ್ಳಿಯ ಕೈಮಗ್ಗದ ಪ್ರದರ್ಶನಕ್ಕೆ ತಾವೇ ಒಯ್ಯಬೇಕೆಂದು ಅವರ ಆಸೆ. ಅಲ್ಲಿ ಜಾಗ ಕೇಳುವ ಅರ್ಜಿಯನ್ನು ನಾನೇ ತುಂಬಿಕೊಟ್ಟೆ.

“ಮೂವತ್ತು ವರ್ಷ ನೇಯ್ದೇನಿ,” ಎಂದಳು ತಾಯವ್ವ, ಅಂಚನ್ನು ಬೆರಳಿನಿಂದ ಸವರುತ್ತ. “ಇದು ನಂದು ಅಂತ ಒಂದ ಖಣಾನೂ ಮಗ್ಗದಿಂದ ಕತ್ತರಿಸಿಲ್ಲ.”

ಗುಂಪಿನಲ್ಲಿ ಈ ವಿಷಯವನ್ನು ಯಾರೂ ಎತ್ತಬಾರದೆಂದು ಅವರು ಮಾತು ಮಾಡಿಕೊಂಡಿದ್ದರು. ಯಾರೂ ಎತ್ತಲೂ ಇಲ್ಲ. ಮಂಗಳವಾರ ಮುಂಜಾನೆ ತಾಯವ್ವ ಹೇಳಿದ್ದು, ಅವರೆಕಾಯಿ ಗಾಡಿ ಬಂದಿದೆ, ಬೇಕಾದವರು ಬನ್ನಿ ಎಂದಷ್ಟೇ.

ಬುಧವಾರ ಬಸವಂತ ಸಾವಕಾರರು ಇಬ್ಬರು ಆಳುಗಳನ್ನು ಕರೆದುಕೊಂಡು ಅವಳ ಮನೆಗೆ ಬಂದರು. ನಾನು ಅಲ್ಲಿರಲಿಲ್ಲ, ಮಹಾನಂದಾ ಆಮೇಲೆ ಹೇಳಿದಳು. ಸಾವಕಾರರು ದನಿಯೇರಿಸಲಿಲ್ಲವಂತೆ. ಬಾಗಿಲಲ್ಲೇ ನಿಂತು, “ಜ್ವರಾ ಬಂದಾಕಿ ಮಗ್ಗ ನಿನ್ನಿ ಮುಂಜಾನೆ ಹೆಂಗ ಆಡತಿತ್ತ ತಾಯವ್ವ?” ಎಂದರಂತೆ. ಚೌಕಟ್ಟು ತಮ್ಮದು, ಒಯ್ಯುತ್ತೇವೆ ಎಂದರಂತೆ. ಅದನ್ನು ಬಿಚ್ಚಬೇಕಾದರೆ ಮೇಲಿದ್ದ ಹಾಸನ್ನು ಕತ್ತರಿಸಬೇಕು. ಆಳು ಕತ್ತರಿ ತೆಗೆದಾಗ ತಾಯವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಕತ್ತರಿಸಿದಳಂತೆ. ಏಳು ಖಣದಷ್ಟು ನೇಯ್ದಾಗಿತ್ತು. ಉಳಿದ ನೂಲು ಎಳೆಎಳೆಯಾಗಿ ಕುಣಿಯೊಳಗೆ ಬಿತ್ತು.

ಮರುದಿನ ನಾನು ಹೋದಾಗ ಅವಳು ಆ ಎಳೆಗಳನ್ನು ಮಡಿಲಲ್ಲಿಟ್ಟುಕೊಂಡು ಸಿಕ್ಕು ಬಿಡಿಸುತ್ತಿದ್ದಳು. ತುಂಡಾದ ಹಾಸಿನ ಸಿಕ್ಕು ಬಿಡಿಸಿ ಆಗುವುದೇನೂ ಇಲ್ಲ. ಅದು ಅವಳಿಗೂ ಗೊತ್ತಿತ್ತು. ನಾನು ಪಕ್ಕದಲ್ಲಿ ಕುಳಿತೆ. ಒಂದು ಎಳೆಯ ತುದಿ ಹಿಡಿದುಕೊಂಡೆ.

ಯಾರೋ ಹೇಳಿರಬೇಕು ಎಂಬ ಮಾತು ಸಂಜೆಯೊಳಗೆ ಓಣಿಯಲ್ಲಿ ಹುಟ್ಟಿತು, ಮುಂಜಾನೆಯೊಳಗೆ ಅದಕ್ಕೊಂದು ಹೆಸರೂ ಸಿಕ್ಕಿತು. ಲಾಡಬಿ ಸಾವಕಾರರ ಮನೆಗೂ ಕಂಡಿಕೆ ಸುತ್ತುತ್ತಿದ್ದಳು, ತಾಯವ್ವನ ಮನೆಗೂ ಸುತ್ತುತ್ತಿದ್ದಳು. ಕೆಂಪು ನೂಲನ್ನು ಕಣ್ಣಾರೆ ಕಂಡವಳು. ಲಾಡಬಿ ಅಲ್ಲಾನ ಆಣೆ ಇಟ್ಟು ತಾನಲ್ಲ ಎಂದಳು. ಮಹಾನಂದಾ ಅದಕ್ಕೆ ಉತ್ತರ ಕೊಡದೆ ಅವಳ ಹೆಸರನ್ನು ಗುಂಪಿನಿಂದ ತೆಗೆದಳು. ಮನೆಮನೆಯಿಂದ ನೂಲು ಹೋಗುವುದೂ ನಿಂತಿತು. ಲಾಡಬಿ ತನ್ನ ರಾಟೆಯ ಮುಂದೆ ಬರಿಗೈಯಲ್ಲಿ ಕುಳಿತಿದ್ದನ್ನು ನಾನು ಹಾದುಹೋಗುವಾಗ ಕಂಡೆ. ಅವಳು ನನ್ನನ್ನು ಕರೆಯಲಿಲ್ಲ.

ಇನ್ನು ಈ ಕೆಲಸ ಸಾಕು, ಅವರಿಗೆ ಮನಸ್ಸಿಲ್ಲ ಎಂದು ಹೇಳಲು ನಾನು ಬಾಗಲಕೋಟೆಗೆ ಹೋದೆ. ಮಿಲಿಂದ ಖುಷಿಯಲ್ಲಿದ್ದ. ಪರದೆಯನ್ನು ನನ್ನ ಕಡೆ ತಿರುಗಿಸಿ, ಗುಳೇದಗುಡ್ಡದ ಗುಂಪೇ ಎಲ್ಲಕ್ಕಿಂತ ಚುರುಕು ಎಂದ.

“ನಿನ್ನೆ ಸುದ್ದಾ ಹನ್ನೊಂದೂ ಮಂದಿ ಕೇಳ್ಯಾರ. ಒಬ್ಬರೂ ಬಿಟ್ಟಿಲ್ಲ.”

“ಹತ್ತು,” ಎಂದೆ. “ಲಾಡಬೀನ್ನ ಮೊನ್ನೆನ ತಗದಾರ.”

ಅವನು ಪರದೆಯನ್ನು ನೋಡಿದ, ಆಮೇಲೆ ನನ್ನನ್ನು. ಮತ್ತೆ ಸುಮ್ಮನಾದ. ಇಷ್ಟು ವರ್ಷ ಅವನ ಜೊತೆ ಕುಳಿತಿದ್ದೆನಲ್ಲ, ಇದು ಬೇರೆ ಬಗೆಯ ಮೌನ ಎಂದು ಕೂಡಲೇ ತಿಳಿಯಿತು.

“ಇನ್ನೊಬ್ಬರು ಯಾರು ಮಿಲಿಂದ?”

ಅವನು ಸುತ್ತಿಬಳಸಿ ಹೇಳಿದ. ಕಂಪನಿಗೆ ಬಂಡವಾಳ ಹಾಕುವವನೊಬ್ಬ ಸಿಕ್ಕಿದ್ದಾನೆ, ಜನ ಇದನ್ನು ಹೇಗೆ ಬಳಸುತ್ತಾರೆಂದು ಅವನಿಗೆ ತೋರಿಸಬೇಕಾಗಿತ್ತು, ಅದಕ್ಕೆ ಗುಂಪಿನಲ್ಲಿ ಹೆಸರು ಕಾಣದಂತೆ ಒಂದು ಜಾಗ ಕೊಟ್ಟಿದ್ದೇವೆ, ಎಲ್ಲ ಕಂಪನಿಗಳೂ ಹೀಗೇ ಮಾಡುತ್ತವೆ. ಗುಳೇದಗುಡ್ಡದವನೇ, ರಾಜಕುಮಾರ ಎಂದು. ಬಸವಂತ ಸಾವಕಾರರ ಮಗ.

“ಯಾವಾಗಿಂದ?”

“ಮೊದಲಿಂದ್ಲೂ.”

ತಾಯವ್ವನ ಮಗ್ಗದ ಕತೆಯನ್ನು ನಾನು ಹೇಳಿದೆ. ಅವನು ಪೂರ್ತಿ ಕೇಳಿದ. ಮುಖದಲ್ಲಿ ನೋವು ಇತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ನೋವಿನಲ್ಲೇ ಅವನು ಹೇಳಿದ್ದು ಬೇರೆ.

“ನಾ ಸದ್ದು ತಗೀತೇನಿ ಅಂದಿದ್ದೆ ಮಯೂರಿ. ಇರ್ಲಿ ಅಂದಾಕಿ ನೀನ.”

ನಾನು ಎದ್ದೆ. ಮೆಟ್ಟಿಲಿಳಿಯುವಾಗ ಅವನು ಹಿಂದೆ ಬಂದು, ಇದನ್ನು ಅಲ್ಲಿ ಹೇಳಬೇಡ, ಹೇಳಿದರೆ ಆಗುವ ಒಳ್ಳೆಯದೇನೂ ಇಲ್ಲ, ಸುಮ್ಮನಿದ್ದರೆ ಎಲ್ಲ ತಣ್ಣಗಾಗುತ್ತದೆ ಎಂದ. ನನ್ನ ಸ್ವಭಾವ ಅವನಿಗೆ ಗೊತ್ತಿತ್ತು. ನಾನು ಸುಮ್ಮನಿರುವವಳು ಎಂಬುದನ್ನು ಲೆಕ್ಕ ಹಿಡಿದೇ ಅವನು ನನ್ನನ್ನು ಆರಿಸಿದ್ದಿರಬಹುದು. ಹಿನ್ನೀರಿನ ದಂಡೆಯಲ್ಲಿ ನಾವು ಕೂರುತ್ತಿದ್ದ ಆ ಸಂಜೆಗಳಲ್ಲಿ ಅವನು ಏನು ಯೋಚಿಸುತ್ತಿದ್ದನೋ ನಾನು ಒಮ್ಮೆಯೂ ಕೇಳಿರಲಿಲ್ಲ.

ಬಾದಾಮಿಗೆ ಹೋಗುವ ಬದಲು ನೇರ ಗುಳೇದಗುಡ್ಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸುಮ್ಮನಿದ್ದುಬಿಡುವುದು ಎಷ್ಟು ಸುಲಭ ಎಂದು ನನಗೆ ಕಾಣುತ್ತಲೇ ಇತ್ತು. ಗುಂಪನ್ನು ಮುಚ್ಚಿದರೆ ಸಾಕು. ಅಕ್ಕೋರ ಮಗಳಾಗಿ ಆ ಮನೆಗಳಿಗೆ ಹೋಗಿಬರುವುದು ಉಳಿಯುತ್ತದೆ, ಮಣೆ ಉಳಿಯುತ್ತದೆ. ಹೋಗುವುದು ಲಾಡಬಿಯ ಅನ್ನ ಮಾತ್ರ.

ಓಣಿ ಹೊಕ್ಕಾಗ ಮಹಾನಂದಾಳ ಮನೆಯಿಂದ ಮಗ್ಗ ಕೇಳುತ್ತಿತ್ತು. ತಾಯವ್ವ ಈಗ ಅಲ್ಲಿಗೇ ಕೆಲಸಕ್ಕೆ ಬರುತ್ತಿದ್ದಳು. ಮಹಾನಂದಾ ಕುಣಿಯಲ್ಲಿದ್ದಳು, ತಾಯವ್ವ ಗೋಡೆಗೊರಗಿ ನೂಲು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಮಗ್ಗ ನಿಲ್ಲಲಿಲ್ಲ. “ಬಾರವಾ, ಇಷ್ಟ ಹೊತ್ತಿನ್ಯಾಗ ಯಾವ ಬಸ್ಸಿಗೆ ಬಂದಿ?” ಎಂದು ಮಹಾನಂದಾ ಕೇಳಿದಳು.

ನಾನು ನಿಂತೇ ಹೇಳಿದೆ. ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಏನು ಎಂಬಂತೆ ಗದ್ದ ಎತ್ತಿದಳು. ಎರಡನೆಯ ಸಲ ದನಿ ಎತ್ತಿ ಹೇಳಬೇಕಾಯಿತು.

“ಲಾಡಬಿ ಹೇಳಿಲ್ಲ. ನಮ್ಮ ಗುಂಪಿನ್ಯಾಗ ಸಾವಕಾರರ ಮಗ ಇದ್ದಾನ. ಹೆಸರು ಕಾಣೂದಿಲ್ಲ. ನಾವು ಆಡಿದ್ದೆಲ್ಲಾ ಮೊದಲಿಂದ ಕೇಳ್ಯಾನ.”

ಮಗ್ಗ ನಿಂತಿತು.

ಉಳಿದದ್ದನ್ನೆಲ್ಲ ಹೇಳಿದೆ. ಮಿಲಿಂದನ ಮಾತು, ತಾಯವ್ವನ ದನಿಯ ಹಿಂದೆ ಮಗ್ಗ ಕೇಳಿದ್ದು, ಆ ಸದ್ದು ಇರಲೆಂದು ನಾನೇ ಹಟ ಹಿಡಿದದ್ದು. ನನಗೆ ಗೊತ್ತಿರಲಿಲ್ಲ ಎಂದೂ ಹೇಳಿದೆ. ಅಷ್ಟು ನಿಶ್ಶಬ್ದದಲ್ಲಿ ಆ ಕೊನೆಯ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿತು.

ಮಹಾನಂದಾ ತಾಯವ್ವನ ಕಡೆ ನೋಡಿದಳು. ತಾಯವ್ವ ಕೈಯಲ್ಲಿದ್ದ ನೂಲನ್ನು ಬುಟ್ಟಿಗೆ ಹಾಕಿದಳು, ಎದ್ದು ಸೆರಗು ಸರಿಮಾಡಿಕೊಂಡಳು.

“ಕುಂದರ್ರಿ,” ಎಂದಳು ನನಗೆ. “ಚಾ ಕುಡದ ಹೋಗ್ರಿ. ಭಾಳ ದೂರದಿಂದ ಬಂದೀರಿ.”

ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅವಳು ಹೊರಗೆ ನಡೆದಳು. ಕಿಟಕಿಯಿಂದ ಕಂಡಿತು, ಓಣಿ ದಾಟಿ ಲಾಡಬಿಯ ಬಾಗಿಲಿಗೆ ಹೋಗಿ ಬುಟ್ಟಿಯನ್ನು ರಾಟೆಯ ಪಕ್ಕಕ್ಕೆ ಇಳಿಸಿದಳು. ಲಾಡಬಿ ಮುಖ ತಿರುಗಿಸಿದಳು. ತಾಯವ್ವ ಅಲ್ಲೇ ನೆಲದ ಮೇಲೆ ಕುಳಿತಳು, ಕೈ ಜೋಡಿಸಲಿಲ್ಲ, ಹೋಗಲೂ ಇಲ್ಲ. ಬಹಳ ಹೊತ್ತಿನ ಮೇಲೆ ಲಾಡಬಿಯ ಕೈ ಬುಟ್ಟಿಗೆ ಹೋಯಿತು.

ಮಹಾನಂದಾ ನನಗೆ ಚಾ ತಂದಳು, ಬಂದವರಿಗೆ ತೆಗೆಯುವ ಹೂವಿನ ಕಪ್ಪಿನಲ್ಲಿ, ಬಸಿಯ ಮೇಲಿಟ್ಟು. ನಾನು ಕುಡಿದು ಮುಗಿಸುವವರೆಗೂ ಕುಣಿಯ ಅಂಚಿನಲ್ಲಿ ಸುಮ್ಮನೆ ಕುಳಿತಿದ್ದಳು. ನಾನು ಬರುತ್ತೇನೆ ಎಂದೆ. “ಹೂಂರಿ” ಎಂದಳು.

ಹೊರಗೆ ಬಂದು ಮೆಲ್ಲಗೆ ನಡೆದೆ. ಹಿಂದೆ ಮಗ್ಗ ಶುರುವಾಗುತ್ತದೆಂದು ಕಿವಿ ಕೊಟ್ಟೆ. ನಾನು ಓಣಿಯ ತಿರುವು ದಾಟುವವರೆಗೂ ಅದು ಶುರುವಾಗಲಿಲ್ಲ.