ಎಂಬತ್ತನಾಲ್ಕು ಕಂತು

ಪುಟ್ಟಿಯ ಅಪ್ಪ ಮೂವತ್ತೊಂದು ವರ್ಷ ಬೇರೆಯವರ ಕಾರು ಓಡಿಸಿದವನು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ. ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಹಾಕಿಸಬೇಕಿತ್ತು. ಹಾಕಿಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು, ಅಪ್ಪ ಮಗಳು ಬಸ್ಸಿಗಾಗಿ ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಬಸ್ಸು ಹತ್ತುವಾಗ ಅಪ್ಪ ಮೆಟ್ಟಿಲಿನ ಅಂದಾಜು ಸಿಗದೆ ಮೊಣಕಾಲೂರಿ ಬಿದ್ದ. ಹಿಂದೆ ಇದ್ದವರು ಬೇಗ ಹತ್ತಿ ಎಂದು ಗದರಿದರು. ಊರಿನ ಕಾರೆಲ್ಲ ಓಡಿಸಿದ ಮನುಷ್ಯ ಬಸ್ಸಿನ ಮೆಟ್ಟಿಲ ಮೇಲೆ ಕೈಯೂರಿ ಏಳುವುದನ್ನು ನೋಡಿದ ಪುಟ್ಟಿ ಅಂದೇ ಕಾರು ತೆಗೆದುಕೊಳ್ಳಲೇಬೇಕೆಂದು ಗಟ್ಟಿ ಮಾಡಿಕೊಂಡಳು.

ಆಗ ಅವಳಿಗೆ ಇಪ್ಪತ್ನಾಲ್ಕು ವರ್ಷ. ಹಲ್ಲಿನ ಸೆಟ್ಟು ಮಾಡಿಕೊಡುವ ಚಿಕ್ಕ ಲ್ಯಾಬಿನಲ್ಲಿ ಕೆಲಸ. ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ವಸಡು ತಿದ್ದುವುದು, ಹಲ್ಲು ಕೂರಿಸಿ ಉಜ್ಜಿ ಹೊಳಪು ಕೊಡುವುದು. ಸಂಜೆ ಹೊರಗೆ ಬಂದರೆ ಹುಬ್ಬಿನ ಮೇಲೂ ಬಿಳಿ ಪುಡಿ. ಸಂಬಳ ಇಪ್ಪತ್ತಾರು ಸಾವಿರ. ಅವ್ವ ಇಲ್ಲದ ಮನೆಯಲ್ಲಿ ಅಪ್ಪನ ತಂಗಿ, ಅಂದರೆ ಅತ್ತೆ, ಜೊತೆಗಿದ್ದಳು. ಬಟ್ಟೆ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು, ಹೊಲಿದಷ್ಟಕ್ಕೆ ಕೂಲಿ ತೆಗೆದುಕೊಳ್ಳುತ್ತಿದ್ದಳು. ತನ್ನದೇ ಒಂದು ಹೊಲಿಗೆ ಅಂಗಡಿ ಹಾಕಬೇಕೆಂದು ಹದಿನಾಲ್ಕು ವರ್ಷದಲ್ಲಿ ಎರಡು ಲಕ್ಷ ಕೂಡಿಟ್ಟಿದ್ದಳು.

ಶೋರೂಮಿನಲ್ಲಿ ಪುಟ್ಟಿಯನ್ನು ಮೇಡಂ ಎಂದು ಕರೆದರು, ತಣ್ಣನೆಯ ನೀರು ಕೊಟ್ಟರು. ಕಾರಿನ ಬೆಲೆಯ ಮಾತು ಯಾರೂ ಎತ್ತಲಿಲ್ಲ. ಮಾರಾಟದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ.

"ತಿಂಗಳಿಗೆ ಎಷ್ಟು ಕಟ್ಟಿದ್ರೆ ನಿಮಗೆ ಭಾರ ಆಗಲ್ಲ, ಮೇಡಂ?"

ಹದಿಮೂರು ಸಾವಿರ ಎಂದಳು ಪುಟ್ಟಿ. ಅವನು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, ಅಷ್ಟಕ್ಕೇ ಸರಿಯಾಗಿ ಕೂರುವಂತೆ ಒಂದು ಕಾಗದ ತೆಗೆದುಕೊಟ್ಟ. ಕೈಯಿಂದ ಐವತ್ತು ಸಾವಿರ, ಉಳಿದದ್ದು ಸಾಲ, ತಿಂಗಳಿಗೆ ಹದಿಮೂರು ಸಾವಿರದ ಇನ್ನೂರ ನಲವತ್ತು. ಖುಷಿಗೆ ಪುಟ್ಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವರ ಮನೆಯ ಮೇಲಿನ ಮಹಡಿಯಲ್ಲಿ, ಪುಟ್ಟಿ ಅಕ್ಕ ಎಂದು ಕರೆಯುತ್ತಿದ್ದ ಒಬ್ಬಳು ಇದ್ದಳು. ಸಹಕಾರಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಗುಮಾಸ್ತೆ. ಖುಷಿ ಹಂಚಿಕೊಳ್ಳಲು ಪುಟ್ಟಿ ಕಾಗದ ಹಿಡಿದು ಅವಳ ಹತ್ತಿರ ಹೋದಳು. ಅಕ್ಕ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು.

"ಕಂತು ಎಷ್ಟು ಅಂತ ಕೇಳಿದೀಯ. ಒಟ್ಟು ಎಷ್ಟು ಕಟ್ತೀಯ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಏಳು ವರ್ಷ, ಎಂಬತ್ತನಾಲ್ಕು ಕಂತು. ಅಕ್ಕ ಫೋನಿನಲ್ಲಿ ಗುಣಿಸಿ ತೋರಿಸಿದಳು. ಸಾಲ ಏಳೂವರೆ ಲಕ್ಷ, ಕಟ್ಟಬೇಕಾದ್ದು ಹನ್ನೊಂದು ಲಕ್ಷ ಹನ್ನೆರಡು ಸಾವಿರ. ಅದರಲ್ಲಿ ಸೀಟಿನ ಕವರು, ಹಾಡಿನ ಪೆಟ್ಟಿಗೆ, ಹೆಚ್ಚುವರಿ ವಾರಂಟಿ, ಪುಟ್ಟಿ ಕೇಳದೇ ಇದ್ದ ಒಂದು ವಿಮೆ, ಎಲ್ಲ ಸೇರಿ ತೊಂಬತ್ತು ಸಾವಿರ ಸಾಲದೊಳಗೇ ನುಸುಳಿತ್ತು.

"ಕಾರು ಬೇಡ ಅಂತ ನಾನು ಹೇಳ್ತಿಲ್ಲ ಕಣೇ. ಆರು ತಿಂಗಳು, ಕಾರು ಬಂದಾಗಿದೆ ಅಂತಲೇ ಅಂದ್ಕೊ. ಕಂತಿನ ದುಡ್ಡು, ಪೆಟ್ರೋಲಿನ ದುಡ್ಡು ಬೇರೆ ಖಾತೆಗೆ ಹಾಕಿ ಮುಟ್ಟದೇ ಇರು. ಉಳಿದಿದ್ದರಲ್ಲಿ ಮನೆ ನಡೀತಾ, ಹೋಗಿ ತಗೊ. ಆ ದುಡ್ಡು ಮುಂಗಡಕ್ಕೆ ಆಗುತ್ತೆ, ಸಾಲ ಚಿಕ್ಕದಾಗುತ್ತೆ. ನಡೀಲಿಲ್ವಾ, ಆಗ ನಿನ್ನ ದುಡ್ಡು ನಿನ್ನ ಹತ್ರಾನೇ ಇರುತ್ತೆ. ಅಲ್ಲೀವರೆಗೆ ಆಸ್ಪತ್ರೆಗೆ ತಿಂಗಳಿಗೊಂದು ಬಾಡಿಗೆ ಗಾಡಿ ಮಾಡ್ಕೊ."

ಪುಟ್ಟಿ ಹಾಗೇ ಮಾಡಿ ನೋಡಿದಳು. ಮೊದಲ ತಿಂಗಳು ಹತ್ತೊಂಬತ್ತನೇ ತಾರೀಖಿಗೆ ಅಪ್ಪನ ಇಂಜೆಕ್ಷನ್ನಿಗಾಗಿ ಆ ಖಾತೆಗೆ ಕೈ ಹಾಕಬೇಕಾಯಿತು. ಎರಡನೇ ತಿಂಗಳು ಮನೆ ಬಾಡಿಗೆಗೆ. ಉತ್ತರ ಕಣ್ಣ ಮುಂದೆಯೇ ಇತ್ತು. ಆದರೆ ಅವಳು ಅದನ್ನು ಉತ್ತರವೆಂದು ಒಪ್ಪಲಿಲ್ಲ. ಕಾರು ಬಂದರೆ ಹೇಗೋ ಹೊಂದುತ್ತದೆ, ಮುಂದಿನ ವರ್ಷ ಸಂಬಳ ಏರುತ್ತದೆ ಎಂದುಕೊಂಡಳು. ಅಷ್ಟರಲ್ಲಿ ಶೋರೂಮಿನಿಂದ ಫೋನು ಬಂತು: ರಿಯಾಯಿತಿ ಈ ತಿಂಗಳಿಗೆ ಮುಗಿಯುತ್ತದೆ. ಅಕ್ಕ ತಾನೂ ಹಳೇ ಸ್ಕೂಟರಿನಲ್ಲಿ ಓಡಾಡುತ್ತಾಳೆ, ಇನ್ನೊಬ್ಬರಿಗೂ ಬೇಡ ಅನ್ನುತ್ತಾಳೆ ಎಂದು ಪುಟ್ಟಿ ಅಪ್ಪನ ಮುಂದೆ ಗೊಣಗಿದಳು. ಅಪ್ಪನೂ ತಾನು ದುಡಿದ ಧಣಿಗಳೆಲ್ಲ ಸಾಲದಲ್ಲೇ ಕಾರು ಕೊಂಡವರು ಎಂದ.

ಸಂಬಳ ಸಾಲದೆಂದು ಸಾಲ ಕೊಡುವವರು ಜಾಮೀನು ಕೇಳಿದರು. ಅತ್ತೆ ಬಂದಳು. ಎಲ್ಲಿ ಹಾಕಬೇಕು ತೋರಿಸು ಎಂದು ಒಂಬತ್ತು ಕಡೆ ಸಹಿ ಹಾಕಿದಳು. ಒಂದನ್ನೂ ಓದಲಿಲ್ಲ. ಮಹಡಿಯ ಅಕ್ಕನಿಗೆ ಯಾರೂ ಹೇಳಲಿಲ್ಲ.

ಕಾರು ಬಂದ ದಿನ ಅಪ್ಪ ಅದರ ಸುತ್ತ ಬರಿಗೈ ಸವರುತ್ತಾ ಎರಡು ಸುತ್ತು ನಡೆದ. ಎಷ್ಟೋ ವರ್ಷ ಮುಂದಿನ ಸೀಟಿನಲ್ಲೇ ಕಳೆದವನು ಹಿಂದಿನ ಸೀಟಿನಲ್ಲಿ ಕೂತ. ಪುಟ್ಟಿ ಓಡಿಸಿದಳು. ಆ ಒಂದು ವರ್ಷ ಮನೆಯಲ್ಲಿ ಸುಖವೇ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಂಬಳ ಬಂದ ಮೂರನೇ ದಿನಕ್ಕೆ ಅರ್ಧ ಹೋಗುತ್ತಿತ್ತು. ಪೆಟ್ರೋಲು, ಸರ್ವಿಸು, ವರ್ಷ ತುಂಬಿದಾಗ ಮತ್ತೆ ವಿಮೆ. ಅತ್ತೆ ರಾತ್ರಿ ಊಟಕ್ಕೆ ಹಸಿವಿಲ್ಲ ಎನ್ನುವುದು ರೂಢಿಯಾಯಿತು.

ಒಂದೂವರೆ ವರ್ಷಕ್ಕೆ ಬರೆ ಬಿತ್ತು. ದಂತವೈದ್ಯರು ಒಬ್ಬೊಬ್ಬರಾಗಿ, ಯಂತ್ರದಲ್ಲಿ ಹಲ್ಲು ಕಡೆಯುವ ದೊಡ್ಡ ಲ್ಯಾಬಿಗೆ ಅಚ್ಚು ಕಳಿಸತೊಡಗಿದರು. ಪುಟ್ಟಿಯ ಮಾಲೀಕ ವಾರಕ್ಕೆ ಮೂರೇ ದಿನ ಬಾ ಎಂದ. ಸಂಬಳ ಹದಿನಾಲ್ಕು ಸಾವಿರಕ್ಕೆ ಇಳಿಯಿತು. ಹತ್ತೊಂಬತ್ತನೇ ಕಂತು ತಪ್ಪಿತು. ಇಪ್ಪತ್ತನೆಯದೂ ತಪ್ಪಿತು. ನೋಟಿಸುಗಳು ಬಂದವು. ಅವನ್ನು ಪುಟ್ಟಿ ಲ್ಯಾಬಿನ ಡ್ರಾಯರಿನಲ್ಲಿ ಮೇಣದ ಹಾಳೆಗಳ ಕೆಳಗೆ ಸೇರಿಸಿದಳು. ಯಾರಿಗೂ ಹೇಳಲಿಲ್ಲ. ಫೋನು ಬಂದರೆ ಕತ್ತರಿಸುತ್ತಿದ್ದಳು. ಆಗ ಸಾಲ ಕೊಟ್ಟವರು ಅತ್ತೆಗೆ ಫೋನು ಮಾಡಿದರು. ಅಂಗಡಿಯ ಹಿಂಬದಿಯಲ್ಲಿ, ಹೊಲಿಯುವ ಮಿಷಿನ್ನಿನ ಮುಂದೆ, ಎಲ್ಲರೆದುರು ಅತ್ತೆಗೆ ವಿಷಯ ತಿಳಿಯಿತು.

ನಾಲ್ಕು ಕಂತು ತಪ್ಪಿದ ಮೇಲೆ ಒಂದು ಬೆಳಿಗ್ಗೆ ಸಾಲ ಕೊಟ್ಟವರ ಕಡೆಯ ಇಬ್ಬರು ಬಂದು ಕಾಗದ ತೋರಿಸಿ ಕೀ ಕೇಳಿದರು. ಅಪ್ಪ ಜಗಳವಾಡಲಿಲ್ಲ. ಕೀ ತಂದು ಕೊಟ್ಟ. ಕೊಟ್ಟು, ಎರಡನೇ ಗೇರು ಸ್ವಲ್ಪ ಬಿಗಿ ಇದೆ, ನಿಧಾನವಾಗಿ ಹಾಕಿ ಎಂದ.

ಹರಾಜಿನಲ್ಲಿ ನಾಲ್ಕು ಲಕ್ಷ ತೊಂಬತ್ತು ಸಾವಿರ ಬಂತು. ಬಾಕಿ, ದಂಡ, ಖರ್ಚು ಎಲ್ಲ ಸೇರಿ ಇದ್ದದ್ದು ಆರು ಲಕ್ಷ ಎಪ್ಪತ್ತು ಸಾವಿರ. ಕಾರೂ ಇಲ್ಲ, ಇನ್ನೂ ಒಂದು ಲಕ್ಷ ಎಂಬತ್ತು ಸಾವಿರ ಕೊಡಬೇಕು. ಜಾಮೀನುದಾರಳೆಂದು ಅತ್ತೆಗೆ ನೋಟಿಸು ಬಂತು. ಅವಳು ಹೊಲಿಗೆ ಅಂಗಡಿಗೆಂದು ಇಟ್ಟಿದ್ದ ಠೇವಣಿ ಮುರಿಸಿ ಕಟ್ಟಿದಳು. ಬೈಯಲಿಲ್ಲ. ಬೈದಿದ್ದರೆ ಪುಟ್ಟಿಗೆ ಅಳಲಾದರೂ ಆಗುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು. ಒಂದು ಬೆಳಿಗ್ಗೆ ಅಪ್ಪ ಎಡಗಣ್ಣಿನಲ್ಲಿ ಮಸಿ ಸುರಿದ ಹಾಗೆ ಆಗಿದೆ ಎಂದ. ಆಸ್ಪತ್ರೆಗೆ ಓಡಿದರು. ಡಾಕ್ಟರು ಕಡತ ತಿರುವಿ, ಐದು ತಿಂಗಳಿಂದ ಇವರು ಇಂಜೆಕ್ಷನ್ನಿಗೆ ಬಂದೇ ಇಲ್ಲವಲ್ಲ ಎಂದರು. ಪುಟ್ಟಿ ಅಪ್ಪನ ಮುಖ ನೋಡಿದಳು. ಇನ್ನು ಮೇಲೆ ವರ್ಷಕ್ಕೆರಡು ಸಲ ಸಾಕಂತೆ ಎಂದು ಅವನು ಮನೆಯಲ್ಲಿ ಹೇಳಿದ್ದ.

"ನಿನ್ನ ಸಂಬಳ ಇಳಿದಿದ್ದು ನಂಗೆ ಗೊತ್ತಾಗಿತ್ತು, ಮಗಳೇ. ಒಂದಾದ್ರೂ ಖರ್ಚು ಕಡಿಮೆ ಆಗ್ಲಿ ಅಂದ್ಕೊಂಡೆ."

ಕಣ್ಣೊಳಗೆ ರಕ್ತ ಒಸರಿ ಕಣ್ಣಿನ ಹಿಂದಿನ ಪೊರೆ ಕಿತ್ತುಬಂದಿತ್ತು. ಆಪರೇಷನ್ ಆಯಿತು. ಹೋದ ದೃಷ್ಟಿ ಬರಲಿಲ್ಲ. ಅಪ್ಪನ ಕಣ್ಣಿಗಾಗಿ ಬಂದ ಕಾರಿನ ಕಂತಿಗೆ ಅಪ್ಪನ ಕಣ್ಣೇ ಹೋಯಿತು.

ಆ ವಾರ ಪುಟ್ಟಿ ಮಹಡಿ ಹತ್ತಿದಳು. ಡ್ರಾಯರಿನ ನೋಟಿಸುಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ನಾನು ಆಗಲೇ ಹೇಳಿದ್ದೆ ಎಂದು ಅಕ್ಕ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ, ತಾರೀಖಿನ ಪ್ರಕಾರ ಜೋಡಿಸಿದಳು.

"ಸಂಬಳ ಇಳಿದ ದಿನವೇ ಬಂದಿದ್ರೆ, ಸಾಲ ಕೊಟ್ಟವರಿಗೆ ಬರೆದು ಕಾಲಾವಕಾಶ ಕೇಳಬಹುದಿತ್ತು. ಅವರ ಒಪ್ಪಿಗೆ ತಗೊಂಡು ನಾವೇ ಮಾರಿದ್ರೆ ಐದೂವರೆ ಲಕ್ಷವಾದ್ರೂ ಸಿಗ್ತಿತ್ತು. ಮುಚ್ಚಿಟ್ಟಿದ್ದೇ ತಪ್ಪಾಯ್ತು, ಪುಟ್ಟಿ. ಸಾಲಕ್ಕಿಂತ ಅದೇ ದೊಡ್ಡ ತಪ್ಪು."

ಈಗ ಅತ್ತೆ ಅದೇ ಅಂಗಡಿಯ ಹಿಂಬದಿಯಲ್ಲಿ ಹೊಲಿಯುತ್ತಾಳೆ. ಪುಟ್ಟಿ ಇನ್ನೊಂದು ಕಡೆ ಅರ್ಧ ದಿನದ ಕೆಲಸ ಹಿಡಿದು, ತಿಂಗಳಿಗೆ ಎರಡು ಸಾವಿರ ಅತ್ತೆಯ ಖಾತೆಗೆ ಹಾಕುತ್ತಾಳೆ. ಅದು ತೀರುವ ಹೊತ್ತಿಗೆ ಅತ್ತೆಗೆ ಅಂಗಡಿ ಹಾಕುವ ವಯಸ್ಸು ದಾಟಿರುತ್ತದೆ. ಅಕ್ಕ ಹೇಳಿದ್ದು ಸರಿ ಎಂದು ಮನೆಯ ಮೂವರಿಗೂ ಮನದಟ್ಟಾಗಿದೆ, ಆದರೆ ಎಲ್ಲ ಮುಗಿದ ಮೇಲೆ.

ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾರಿನ ಆಸೆ ತಪ್ಪಲ್ಲ. ಆದರೆ ಕಂತು ಎಷ್ಟು ಎಂದು ಕೇಳುವ ಮೊದಲು ಒಟ್ಟು ಎಷ್ಟು ಎಂದು ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ. ನೀವು ಕೇಳದ ಯಾವುದೇ ವಸ್ತು ಸಾಲದಲ್ಲಿ ಸೇರಿದ್ದರೆ ತೆಗೆಸಿ. ಆರು ತಿಂಗಳು ಕಂತನ್ನು ನಿಮ್ಮದೇ ಖಾತೆಗೆ ಕಟ್ಟಿ ನೋಡಿ. ಆ ಖಾತೆಗೆ ನಡುವೆ ಕೈ ಹಾಕಬೇಕಾಗಿ ಬಂದರೆ ಅದೇ ನಿಮ್ಮ ಉತ್ತರ, ಅದನ್ನು ನಂಬಿ. ಜಾಮೀನಿಗೆ ಸಹಿ ಹಾಕುವವರು ಆ ಸಾಲ ತಮ್ಮದೇ ಎಂದು ತಿಳಿದು ಹಾಕಿ. ಒಂದು ಕಂತು ತಪ್ಪುವ ಸೂಚನೆ ಕಂಡರೂ ಅವತ್ತೇ ಮನೆಯವರಿಗೆ ಹೇಳಿ, ಸಾಲ ಕೊಟ್ಟವರ ಬಳಿಗೆ ಹೋಗಿ.

ನಾಳೆ ಶೋರೂಮಿಗೆ ಹೊರಟಿದ್ದೀರಾ? ನಾಡಿದ್ದು ಹೋಗಿ. ನಾಳೆ ಒಂದು ದಿನ ಕೂತು ಆ ಕಾಗದ ಓದಿ.