ಮೂವತ್ತು ಬಿಳಿ ಕುಂಬಳಕಾಯಿ

"ಯಾವ ಅಕ್ಷರ ಹಾಕ್ಲಿ?" ಎಂದು ಬಾರಿಚಾ ಪೆನ್ಸಿಲು ಹಿಡಿದು ಕೇಳಿದಳು.

ಮೇಜಿನ ಆಚೆ ಕೂತಿದ್ದ ಹುಡುಗಿ ಕೆಂಪು ಚೌಕಳಿ ಬಟ್ಟೆಯಲ್ಲಿ ಹೊಲಿದ ಕುಂಬಳಕಾಯಿಯೊಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಶರತ್ಕಾಲ ಬಂತೆಂದರೆ ಬಾರಿಚಾ ಇಂಥವನ್ನು ಹೊಲಿದು ಪೇಟೆಗೆ ಕಳಿಸುತ್ತಿದ್ದಳು. ಹಳೆಯ ಅಂಗಿ, ಪರದೆ, ಕಂಬಳಿ, ಯಾವುದಾದರೂ ಆದೀತು. ಹುಡುಗಿ ಅವನ್ನು ವರಾಜ್ದಿನ್ ಪೇಟೆಯಲ್ಲಿ ನೋಡಿ, ವಿಳಾಸ ಕೇಳಿಕೊಂಡು ಈ ಹಳ್ಳಿಯವರೆಗೂ ಬಂದಿದ್ದಳು.

"ಎಂ ಮತ್ತು ಡಿ. ನಾನು ಮಿರ್ನಾ, ಅವರು ಡಾಮಿರ್. ಸಾಮಿಲ್ಲಿನ ನೆವೆಂಕಾ ಅವರ ಮಗ. ನಿಮ್ಗೆ ಗೊತ್ತಿರ್ಬೇಕಲ್ಲ, ಬಾರಿಚಮ್ಮ? ಇದೇ ಊರು."

"ಗೊತ್ತು," ಎಂದಳು ಬಾರಿಚಾ. "ಎಷ್ಟು ಬೇಕು?"

"ಮೂವತ್ತು. ಮದುವೆಯೂಟದ ಒಂದೊಂದು ಮೇಜಿಗೆ ಎರಡು. ಬಣ್ಣ ಬೇಡ, ಬರೀ ಬಿಳಿ. ಸ್ವಲ್ಪ ಹಳೇದರ ಹಾಗೆ ಕಾಣ್ಬೇಕು. ಲೇಸು ಗೀಸು ಇದ್ರೆ ಇನ್ನೂ ಚೆಂದ."

"ಇದೆ," ಎಂದಳು ಬಾರಿಚಾ. "ಲೇಸು ಇದೆ ನನ್ನ ಹತ್ರ."

ಹುಡುಗಿ ಎದ್ದು ನಿಂತು, ಈ ಊರಲ್ಲಿ ತನ್ನ ಜೊತೆ ಇಷ್ಟು ಚೆನ್ನಾಗಿ ಮಾತಾಡಿದ ಮೊದಲ ಹೆಂಗಸು ನೀವೇ ಎಂದು ಹೇಳಿ, ಬಗ್ಗಿ ಬಾರಿಚಾಳ ಕೆನ್ನೆಗೆ ಮುತ್ತಿಟ್ಟು ಹೋದಳು. ಬಾರಿಚಾ ಕೆನ್ನೆ ಒರೆಸಿಕೊಂಡಳು. ಆಮೇಲೆ ಒಳಕೋಣೆಗೆ ಹೋಗಿ ಬೀರುವಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಇಳಿಸಿದಳು.

ಪೆಟ್ಟಿಗೆಯಲ್ಲಿ ಮಗಳ ಮದುವೆಯ ಉಡುಪಿತ್ತು. ಯಾಸ್ನಾ ಅದನ್ನು ಒಂದೇ ಸಲ, ಅಳತೆ ನೋಡಲು ಹಾಕಿಕೊಂಡಿದ್ದಳು. ಹೊಲಿದವಳು ಬಾರಿಚಾ. ಲೇಸು ಬಾರಿಚಾಳ ತಾಯಿಯದು. ಮರದ ಪುಟ್ಟ ಕಡ್ಡಿಗಳಿಗೆ ನೂಲು ಸುತ್ತಿ, ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಮುದುಕಿ ಎರಡು ಚಳಿಗಾಲ ಕೂತು ಹೆಣೆದಿದ್ದಳು. ಎರಡನೆಯ ಚಳಿಗಾಲದ ಹೊತ್ತಿಗೆ ಒಂದು ಕಣ್ಣು ಪೂರ್ತಿ ಮಂಜಾಗಿತ್ತು. ಮದುವೆಗೆ ಏಳು ದಿನ ಉಳಿದಿರುವಾಗ ಡಾಮಿರ್ ಮನಸ್ಸು ಬದಲಿಸಿದ. ಅದನ್ನು ಹೇಳಲು ಅವನು ಬರಲಿಲ್ಲ, ಅವನ ತಾಯಿ ನೆವೆಂಕಾ ಬಂದಳು. ಹೊಸ್ತಿಲಿನ ಮೇಲೆಯೇ ನಿಂತು, "ಹುಡುಗ್ರು, ಏನ್ಮಾಡೋಕಾಗತ್ತೆ" ಎಂದು ಹೇಳಿ, ಕೈಗವಸು ಕೂಡ ಬಿಚ್ಚದೆ ವಾಪಸು ಹೋದಳು. ಆ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಮುದುಕಿ ತೀರಿಕೊಂಡಳು. ಯಾಸ್ನಾ ಅಂದಿನಿಂದ ಔಷಧಿ ಅಂಗಡಿಯ ಕೆಲಸಕ್ಕೆ ಸಾಮಿಲ್ಲಿನ ಬೀದಿ ಬಿಟ್ಟು, ದ್ರಾಕ್ಷಿತೋಟದ ಹಿಂದಿನ ಕೆಸರು ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಮೂರು ವರ್ಷದಿಂದ.

ಬಾರಿಚಾ ಮೊದಲು ತೋಳುಗಳನ್ನು ಕತ್ತರಿಸಿದಳು. ಊಟದ ತಟ್ಟೆಯನ್ನು ಬಟ್ಟೆಯ ಮೇಲೆ ಬೋರಲಿಟ್ಟು, ಸುತ್ತ ಗೆರೆ ಎಳೆದು, ದುಂಡಗೆ ಕೊಯ್ದಳು. ಅಂಚಿನುದ್ದಕ್ಕೂ ದೂರ ದೂರ ಹೊಲಿಗೆ ಹಾಕಿ ದಾರ ಜಗ್ಗಿದರೆ ಬಟ್ಟೆ ಚೀಲದಂತೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ತಳಕ್ಕೆ ಒಂದು ಹಿಡಿ ಒಣ ಹುರುಳಿ, ಅಲುಗಾಡದೆ ಕೂರಲಿ ಎಂದು. ಅದರ ಮೇಲೆ ಕುರಿಯುಣ್ಣೆ. ಆಮೇಲೆ ಉದ್ದನೆ ಸೂಜಿಯನ್ನು ನಡುವಿನಿಂದ ಚುಚ್ಚಿ, ದಾರವನ್ನು ಹೊರಮೈ ಸುತ್ತ ತಂದು ಮತ್ತೆ ಚುಚ್ಚಿ, ಎಂಟು ಸಲ ಬಿಗಿದಳು. ಪ್ರತಿ ಸಲ ಬಿಗಿದಾಗಲೂ ಉಂಡೆಯ ಹೊಟ್ಟೆ ಒಳಗೆ ಸರಿದು ಕುಂಬಳಕಾಯಿಯ ಹೋಳು ಮೂಡುತ್ತಿತ್ತು. ಲೇಸು ಎದ್ದು ಕಾಣುವಂತೆ ಹೊರಕ್ಕೇ ಬರಬೇಕು, ಅದೊಂದರಲ್ಲಿ ಅವಳು ಬಹಳ ಎಚ್ಚರ ವಹಿಸಿದಳು.

ಮೂರನೆಯ ದಿನ ಮಧ್ಯಾಹ್ನ ಯಾಸ್ನಾ ತಲೆನೋವೆಂದು ಬೇಗ ಮನೆಗೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ಕುಂಬಳಕಾಯಿ ಸಾಲಾಗಿ ಕೂತಿದ್ದವು. ಕುರ್ಚಿಯ ಬೆನ್ನಿನ ಮೇಲೆ ತೋಳಿಲ್ಲದ, ನೆರಿಗೆ ಅರ್ಧ ಕೊಯ್ದ ಉಡುಪು ನೇತಾಡುತ್ತಿತ್ತು.

ಅವಳು ಕೋಟು ಬಿಚ್ಚಲಿಲ್ಲ. "ಯಾರಿಗೆ ಇದು?"

ಬಾರಿಚಾ ಹೇಳಿದಳು.

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವ ನಿಂಗೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ನನ್ನದಮ್ಮ ಅದು," ಎಂದಳು ಯಾಸ್ನಾ. ಅವಳ ದನಿ ಏರಲಿಲ್ಲ. "ಹರಿದು ಹಾಕೋದಾದ್ರೆ ನಾನು ಹರೀಬೇಕಿತ್ತು. ಮೂರು ವರ್ಷದಿಂದ ದಿನಾ ಅಂದ್ಕೊಳ್ತಿದೀನಿ, ಇವತ್ತು ತೆಗೆದು ಒಲೆಗೆ ಹಾಕ್ಬೇಕು ಅಂತ. ಅದೂ ನೀನೇ ಮಾಡ್ಬಿಟ್ಟೆ."

ಬಾರಿಚಾ ಮಗಳ ಪರವಾಗಿ ಕತ್ತಿ ಹಿಡಿದವಳಂತೆ ಮೂರು ದಿನ ಎದೆಯುಬ್ಬಿಸಿ ಹೊಲಿದಿದ್ದಳು. ಈಗ ಕತ್ತರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು.

ಯಾಸ್ನಾ ಕುರ್ಚಿಯ ಮೇಲಿಂದ ಉಡುಪನ್ನು ತೆಗೆದಳು. ಆಮೇಲೆ ತಾಯಿಯ ತೊಡೆಯಿಂದ ಕತ್ತರಿ ಎತ್ತಿಕೊಂಡು, ಎದೆಯ ಭಾಗವನ್ನು ಮೇಜಿನ ಮೇಲೆ ಹರವಿ, ಕುತ್ತಿಗೆಯಿಂದ ಸೊಂಟದವರೆಗೆ ನೇರ ಕತ್ತರಿಸಿದಳು. ಅಲ್ಲಿಯೇ ಅಜ್ಜಿಯ ಲೇಸು ಎಲ್ಲಕ್ಕಿಂತ ದಟ್ಟವಾಗಿತ್ತು.

"ಇದು ಮದುಮಕ್ಕಳ ಮೇಜಿಗೆ," ಎಂದಳು. "ಅವನ ತಟ್ಟೆ ಎದುರಿಗೇ ಇಡು."

ಮದುವೆಯೂಟ ಆ ಊರಿನ ಎಲ್ಲರ ಮದುವೆಯಂತೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿತ್ತು. ಇಗರ್ಜಿಯಲ್ಲಿ ಮದುವೆಯ ಗಂಟೆ ಹೊಡೆಯುತ್ತಿರುವಾಗಲೇ ಬಾರಿಚಾ ಎರಡು ಬುಟ್ಟಿ ಹೊತ್ತು ಬಂದು ಮೇಜು ಮೇಜಿಗೆ ಕುಂಬಳಕಾಯಿ ಇಟ್ಟಳು. ಒಣಗಿದ ದ್ರಾಕ್ಷಿಬಳ್ಳಿಯ ತುಂಡುಗಳೇ ತೊಟ್ಟು, ಅದರ ಬುಡದಲ್ಲಿ ದಾರದಲ್ಲಿ ಹೊಲಿದ ಎಂ, ಡಿ. ಸುತ್ತ ಓಕ್ ಎಲೆ, ಎರಡೆರಡು ಚೆಸ್ಟ್‌ನಟ್. ನೋಡಲು ನಿಜಕ್ಕೂ ಚೆನ್ನಾಗಿತ್ತು. ಅವಳು ಕೊನೆಯ ಮೇಜಿನ ಬಳಿ ಇರುವಾಗ ನೆವೆಂಕಾ ಅಡುಗೆಯವರಿಗೆ ಏನೋ ಹೇಳಲೆಂದು ಎಲ್ಲರಿಗಿಂತ ಮೊದಲೇ ಬಂದಳು.

"ನೀನ್ಯಾಕೆ ಇಲ್ಲಿ?"

"ನಿನ್ನ ಸೊಸೆ ಕರೆದ್ಲು. ಕುಂಬಳಕಾಯಿ ನಂದೇ."

ನೆವೆಂಕಾ ಒಂದನ್ನು ಎತ್ತಿ ನೋಡಿದಳು. ಮೂರು ವರ್ಷದ ಹಿಂದೆ ಇದೇ ಲೇಸನ್ನು ಬೆರಳಲ್ಲಿ ಸವರಿ, ಇಂಥದ್ದು ಜಿಲ್ಲೆಯಲ್ಲೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ಅವಳು. ಅವಳ ಕತ್ತು ಕೆಂಪೇರಿತು.

"ಎತ್ತು ಎಲ್ಲಾನೂ. ಈಗ್ಲೇ."

"ನೀನೇ ಎತ್ತು. ಯಾಕೆ ಅಂತ ಸೊಸೆಗೂ ನೀನೇ ಹೇಳು. ಹೊಸ್ತಿಲ ಮೇಲೆ ನಿಂತು ಹೇಳೋದು ನಿಂಗೆ ಅಭ್ಯಾಸ ಇದೆಯಲ್ಲ."

ನೆವೆಂಕಾ ನಿಜವಾಗಿಯೂ ಬಾಚತೊಡಗಿದಳು. ಐದಾರನ್ನು ಮಡಿಲಿಗೆ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಅಕಾರ್ಡಿಯನ್ ಕೇಳಿಸಿತು, ಜನ ಒಳಗೆ ಬಂದರು. ಮಿರ್ನಾ ನೆರಿಗೆ ಎತ್ತಿಕೊಂಡು ಓಡಿ ಬಂದಳು. "ಅತ್ತೆ, ನೀವೂ ಜೋಡಿಸ್ತಿದೀರಾ? ಎಷ್ಟು ಚೆನ್ನಾಗಿದೆ ಅಲ್ವ?"

ನೆವೆಂಕಾ ಮಡಿಲಲ್ಲಿದ್ದವನ್ನು ಒಂದೊಂದಾಗಿ ತನ್ನ ಕೈಯಾರೆ ಮೇಜಿನ ಮೇಲೆ ಇಟ್ಟಳು.

ಮಿರ್ನಾ ಬಾರಿಚಾಳನ್ನು ಬಿಡಲಿಲ್ಲ, ಊಟ ಮಾಡಿಯೇ ಹೋಗಬೇಕೆಂದು ಬಾಗಿಲ ಪಕ್ಕದ ಮೇಜಿನಲ್ಲಿ ಕೂರಿಸಿದಳು. ಕೋಳಿಸಾರು ಬಂತು. ಚೀಸ್ ತುಂಬಿದ ಶ್ತ್ರುಕ್ಲಿ ಕಡುಬು ಬಂತು. ಬಾರಿಚಾ ಚಮಚ ಮುಟ್ಟದೆ ಹೆಂಗಸರನ್ನು ನೋಡುತ್ತಿದ್ದಳು. ಈ ಊರಿನ ಹೆಂಗಸರಿಗೆ ಲೇಸು ನೋಡಿದರೆ ಹೆಣೆದ ಕೈ ಯಾವುದೆಂದು ಗೊತ್ತಾಗುತ್ತದೆ. ಮೊದಲು ಒಬ್ಬಳು ಕುಂಬಳಕಾಯಿ ತಿರುಗಿಸಿ ನೋಡಿದಳು, ಪಕ್ಕದವಳ ಮೊಣಕೈ ತಿವಿದಳು. ಪಿಸುಮಾತು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿತು. ಡಾಮಿರ್ ತನ್ನ ತಟ್ಟೆಯೆದುರಿನದನ್ನು ಆಗಲೇ ನೋಡಿದ್ದ. ಅವನು ವೈನಿನ ಬಾಟಲಿಯನ್ನು ಅದಕ್ಕೆ ಅಡ್ಡ ಇಟ್ಟಿದ್ದ. ಬಡಿಸುವವನು ಬಂದು ಬಾಟಲಿ ಎತ್ತಿಕೊಂಡು ಹೋದ.

ನಡುಮೇಜಿನಲ್ಲಿ ಕೂತಿದ್ದ ಊರಿನ ಆಗತಾ ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ, ಆದ್ದರಿಂದ ಪಿಸುಗುಡುವುದೂ ಬರುತ್ತಿರಲಿಲ್ಲ. ಅಕಾರ್ಡಿಯನ್ ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವಳು ಕುಂಬಳಕಾಯಿಯನ್ನು ಕನ್ನಡಕದ ಹತ್ತಿರ ಹಿಡಿದು ಹೇಳಿದಳು: "ಇದು ಬಾರಿಚನ ತಾಯಿ ಕೈಕೆಲಸ ಕಣ್ರೇ. ಯಾಸ್ನನ ಮದುವೆ ಬಟ್ಟೇದು. ಇದನ್ಯಾಕೆ ಕುಂಬಳಕಾಯಿ ಮಾಡಿದ್ದಾರೆ?"

ಸಭಾಂಗಣವೆಲ್ಲ ಕೇಳಿಸಿಕೊಂಡಿತು.

ಮಿರ್ನಾ ನಗುಮುಖದಲ್ಲೇ ಗಂಡನ ಕಡೆ ತಿರುಗಿದಳು. "ಯಾಸ್ನಾ ಅಂದ್ರೆ ಯಾರು?"

ಡಾಮಿರ್ ಅವಳನ್ನು ನೋಡಲಿಲ್ಲ. ತಾಯಿಯ ಕಡೆ ನೋಡಿದ. ತಾಯಿ ಎದ್ದು ನಿಂತು, "ಏನಿಲ್ಲಮ್ಮ, ಹಳೇ ಕಥೆ" ಎಂದು ಶುರು ಮಾಡಿದಳು.

"ನಿಮ್ಮನ್ನ ಕೇಳ್ಲಿಲ್ಲ ಅತ್ತೆ," ಎಂದಳು ಮಿರ್ನಾ. "ಇವರನ್ನ ಕೇಳ್ದೆ."

ಅವನು ಕರವಸ್ತ್ರ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಬಾರಿಚಾ ಇದಕ್ಕಾಗಿಯೇ ಮೂರು ವರ್ಷ ಕಾದಿದ್ದಳು. ಕಣ್ಣು ತಿರುಗಿಸದೆ ಕೊನೆಯವರೆಗೂ ನೋಡಿದಳು. ಹೊಟ್ಟೆಯೊಳಗೆ ತಣ್ಣಗಾಯಿತು, ಬಾಯಾರಿದವಳು ನೀರು ಕುಡಿದ ಹಾಗೆ. ಆಮೇಲೆ ಕಣ್ಣು ಮಿರ್ನಾಳ ಮುಖದ ಮೇಲೆ ಬಿತ್ತು. ಬಾರಿಚಾ ಕೋಟು ತೆಗೆದುಕೊಂಡು ಹೊರಗೆ ನಡೆದಳು.

ಎಂಟು ದಿನ ಬಿಟ್ಟು ಭಾನುವಾರ ಮಿರ್ನಾ ಒಬ್ಬಳೇ ಬಂದಳು. ಕೈಯಲ್ಲಿ ಬುಟ್ಟಿಗಳಿದ್ದವು. ಬಾಗಿಲು ತೆಗೆದವಳು ಯಾಸ್ನಾ. ಇಬ್ಬರೂ ಹೆಸರು ಹೇಳಿಕೊಳ್ಳಲಿಲ್ಲ, ಬೇಕಾಗಿರಲಿಲ್ಲ.

"ಒಳಗೆ ಬಾ," ಎಂದಳು ಯಾಸ್ನಾ.

ಮಿರ್ನಾ ಬುಟ್ಟಿಗಳನ್ನು ಮೇಜಿನ ಮೇಲಿಟ್ಟು ಬಾರಿಚಾಳ ಕಡೆ ನೋಡಿದಳು. "ನಾನು ನಿಮ್ಗೇನು ಮಾಡಿದ್ದೆ?"

"ಏನೂ ಇಲ್ಲ," ಎಂದಳು ಬಾರಿಚಾ. ಎದ್ದು ತನ್ನ ಕುರ್ಚಿಯನ್ನೇ ಅವಳ ಕಡೆ ಸರಿಸಿದಳು.

"ಅವತ್ತು ಅವರು ತಾಯಿ ಮುಖ ನೋಡಿದ್ರಲ್ಲ, ಹಂಗೇ ದಿನಾ ನೋಡ್ತಾರೆ. ಎಷ್ಟು ಹೊತ್ತಿಗೆ ಊಟ ಅನ್ನೋದಕ್ಕೂ." ಅವಳು ಯಾಸ್ನಾಳತ್ತ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಮದುವೆಗೆ ಏಳು ದಿನ ಮುಂಚೆ ಗೊತ್ತಾಯ್ತು," ಎಂದಳು ಯಾಸ್ನಾ. "ನಿಂಗೆ ಒಂದು ಗಂಟೆ ತಡವಾಯ್ತು."

ಮಿರ್ನಾ ನಗಲು ಹೋದಳು, ಆಗಲಿಲ್ಲ. ಯಾಸ್ನಾ ಕಾಫಿ ಇಟ್ಟಳು. ಮೂವರೂ ಕುಡಿದರು. ಹೊರಡುವಾಗ ಮಿರ್ನಾ ಹೇಳಿದಳು: "ಇಪ್ಪತ್ತೊಂಬತ್ತಿವೆ. ಒಂದು ನಾನಿಟ್ಕೊಂಡಿದೀನಿ. ಅವರ ತಟ್ಟೆ ಎದುರಿಗಿತ್ತಲ್ಲ, ಅದು."

ಮರುದಿನ ಬೆಳಿಗ್ಗೆ ಕೆಸರು ಜಾಸ್ತಿ ಎಂದು ಯಾಸ್ನಾ ಸಾಮಿಲ್ಲಿನ ಬೀದಿಯಲ್ಲೇ ಕೆಲಸಕ್ಕೆ ಹೋದಳು. ಡಾಮಿರ್‌ನ ಅಡುಗೆಮನೆಯ ಕಿಟಕಿಯಲ್ಲಿ ಮಿರ್ನಾ ಇಟ್ಟುಕೊಂಡಿದ್ದ ಬಿಳಿ ಕುಂಬಳಕಾಯಿ ಕೂತಿತ್ತು. ಅದರ ಎದುರು ಅವನು ತಲೆ ತಗ್ಗಿಸಿ ಬ್ರೆಡ್ಡು ತಿನ್ನುತ್ತಿದ್ದ. ಮುಂದಿನ ವಾರ ಅವನು ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿಕೊಂಡು ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದ. ನವೆಂಬರಿನ ಸಂತ ಮಾರ್ಟಿನ್ ಹಬ್ಬ ಮುಗಿದು, ಊರವರೆಲ್ಲ ಶರತ್ಕಾಲದ ಅಲಂಕಾರ ಒಳಗೆತ್ತಿಟ್ಟ ಮೇಲೆ, ಮೊದಲ ಹಿಮ ಬಿದ್ದ ಬೆಳಿಗ್ಗೆ ಯಾಸ್ನಾ ಮತ್ತೆ ಆ ದಾರಿಯಲ್ಲಿ ಬಂದಳು. ಕಿಟಕಿ ಖಾಲಿಯಾಗಿತ್ತು. ಅವನು ಈಗ ಮುಖ ಮಾಡಿ ಕೂತಿದ್ದ ಗೋಡೆಯ ಕಪಾಟಿನ ಮೇಲೆ, ಅವನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಬಿಳಿ ಕುಂಬಳಕಾಯಿ ದುಂಡಗೆ ಕೂತಿತ್ತು.